ಚಿಕ್ಕಮ್ಮನ ಒಂಬತ್ತು: ಸಿನಿಮಾ ರೇಟಿಂಗ್‌ಗಳನ್ನು ಓದುವ ಬಗೆ

ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ ನಡೆಯುವ ಮುಖ್ಯ ವ್ಯವಹಾರವೆಂದರೆ ನೋಡಿದ ಸಿನಿಮಾಗಳಿಗೆ ಅಂಕ ಹಾಕುವುದು. ಹೊಸ ಚಿತ್ರವೊಂದನ್ನು ನೋಡಿ ಬಂದ ಚಿಕ್ಕಮ್ಮ "ಸೂಪರ್, 9/10" ಎಂದು ಬರೆಯುತ್ತಾರೆ. ಅದೇ ಚಿತ್ರಕ್ಕೆ ಅಣ್ಣನ ಮಗ ಎರಡೂವರೆ ಸ್ಟಾರ್ ಕೊಟ್ಟು, "ಸೆಕೆಂಡ್ ಹಾಫ್ ಎಳೆದಿದ್ದಾರೆ" ಎನ್ನುತ್ತಾನೆ. ಸೋದರಮಾವ ಅಂಕದ ಗೊಡವೆಗೇ ಹೋಗದೆ "ಒಂದ್ಸಲ ನೋಡ್ಬೋದು" ಎಂದು ಮುಗಿಸುತ್ತಾರೆ. ಹೋಗುವುದೋ ಬೇಡವೋ ಎಂದು ಯೋಚಿಸುತ್ತಾ ನಾನು ಟಿಕೆಟ್ ಆ್ಯಪ್ ಬುಕ್‌ಮೈಶೋ ತೆರೆದರೆ ಅಲ್ಲಿ 9.1 ಇರುತ್ತದೆ, ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯಲ್ಲಿ 7.2 ಇರುತ್ತದೆ, ಬೆಳಗಿನ ಪತ್ರಿಕೆಯ ವಿಮರ್ಶೆಯ ಕೆಳಗೆ ಮೂರು ಸ್ಟಾರ್‌ಗಳಿರುತ್ತವೆ. ಇಷ್ಟರಲ್ಲಿ ಯಾರೋ ಒಬ್ಬರಾದರೂ ಸುಳ್ಳು ಹೇಳುತ್ತಿರಬೇಕು ಎನ್ನಿಸುವುದು ಸಹಜ. ಆದರೆ ಎಲ್ಲರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಈ ಆರು ಅಭಿಪ್ರಾಯಗಳು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಾಗಿರುವುದಿಲ್ಲ. ಯಾರನ್ನು ಕೇಳಿದರು, ಏನನ್ನು ಕೇಳಿದರು, ಬಂದ ಉತ್ತರಗಳನ್ನು ಹೇಗೆ ಕೂಡಿಸಿದರು ಎಂಬ ಮೂರು ಸಂಗತಿ ತಿಳಿಯುವವರೆಗೆ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಮೊದಲು ಅಳತೆಗೋಲಿನ ವಿಚಾರ. ಸಿನಿಮಾಕ್ಕೆ ನಕ್ಷತ್ರ ಕೊಡುವ ಪದ್ಧತಿಗೆ ಸುಮಾರು ನೂರು ವರ್ಷದ ಇತಿಹಾಸವಿದೆ; ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ವಿಮರ್ಶಕಿ ಐರೀನ್ ಥೈರರ್ 1928ರ ಜುಲೈನಲ್ಲಿ ಅದನ್ನು ಆರಂಭಿಸಿದಾಗ ಗರಿಷ್ಠ ನಕ್ಷತ್ರಗಳು ಮೂರೇ ಇದ್ದವು. ಆಮೇಲೆ ಕೆಲವರು ನಾಲ್ಕಕ್ಕೆ ಏರಿಸಿದರು, ಕೆಲವರು ಐದಕ್ಕೆ. ಐಎಂಡಿಬಿ ಹತ್ತಕ್ಕೆ ಅಂಕ ಕೇಳುತ್ತದೆ, ಸಿನಿಪ್ರಿಯರ ತಾಣವಾದ ಲೆಟರ್‌ಬಾಕ್ಸ್‌ಡ್ ಅರ್ಧರ್ಧ ನಕ್ಷತ್ರದ ಲೆಕ್ಕದಲ್ಲಿ ಐದಕ್ಕೆ ಕೇಳುತ್ತದೆ. ಐದರ ಅಳತೆಯನ್ನು ಎರಡರಿಂದ ಗುಣಿಸಿದರೆ ಹತ್ತರ ಅಳತೆ ಸಿಕ್ಕಿತು ಎಂದು ನಾವು ಭಾವಿಸುತ್ತೇವೆ, ಆದರೆ ಅಲ್ಲೊಂದು ಸಣ್ಣ ಎಡವಟ್ಟಿದೆ. ಒಂದರಿಂದ ಐದರವರೆಗಿನ ಅಳತೆಯಲ್ಲಿ ನಡುಬಿಂದು ಮೂರು; ಅದನ್ನು ದ್ವಿಗುಣಗೊಳಿಸಿದರೆ ಆರು ಬರುತ್ತದೆ. ಒಂದರಿಂದ ಹತ್ತರವರೆಗಿನ ಅಳತೆಯ ನಡುಬಿಂದುವಾದರೋ ಐದೂವರೆ. ಅಂದರೆ "ಚೆನ್ನಾಗಿಯೂ ಇಲ್ಲ, ಕೆಟ್ಟದಾಗಿಯೂ ಇಲ್ಲ" ಎನ್ನುವ ಒಂದೇ ಭಾವನೆ ಒಂದು ಕಡೆ ಆರು, ಇನ್ನೊಂದು ಕಡೆ ಐದೂವರೆ ಆಗುತ್ತದೆ.

ಗಣಿತಕ್ಕಿಂತ ದೊಡ್ಡ ತೊಡಕು ನಮ್ಮ ಶಾಲೆಯ ಅಭ್ಯಾಸದ್ದು. ಮೂವತ್ತೈದು ಬಂದರೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸು, ಎಂಬತ್ತೈದಕ್ಕೆ ಡಿಸ್ಟಿಂಕ್ಷನ್ ಎಂಬ ಲೆಕ್ಕದಲ್ಲಿ ಬೆಳೆದವರು ಹತ್ತರ ಅಳತೆಯನ್ನು ಕಂಡ ಕೂಡಲೇ ಅದನ್ನು ಅಂಕಪಟ್ಟಿಯಂತೆ ಓದುತ್ತಾರೆ. ಹತ್ತಕ್ಕೆ ಐದು ಕೊಡುವುದೆಂದರೆ ಅವರ ಪಾಲಿಗೆ ಹುಡುಗನನ್ನು ಸ್ವಲ್ಪದರಲ್ಲಿ ಪಾಸು ಮಾಡಿದಂತೆ, ಹಾಗಾಗಿ ಒಂದರಿಂದ ನಾಲ್ಕರವರೆಗಿನ ಅಂಕಗಳು ಸಿಟ್ಟು ಬಂದಾಗ ಮಾತ್ರ ಬಳಕೆಯಾಗುತ್ತವೆ ಮತ್ತು ಸಜ್ಜನರ ಮತಗಳೆಲ್ಲ ಆರರಿಂದ ಒಂಬತ್ತರ ನಡುವಿನ ಕಿರುದಾರಿಯಲ್ಲಿ ನೂಕುನುಗ್ಗಲು ಮಾಡುತ್ತವೆ. ಅದೇ ಜನರ ಕೈಗೆ ಐದು ನಕ್ಷತ್ರ ಕೊಟ್ಟರೆ ಮೂರನ್ನು ಧಾರಾಳವಾಗಿ ಕೊಡುತ್ತಾರೆ. ಶೇಕಡಾವಾರು ನೋಡಿದರೆ ಮೂರು ನಕ್ಷತ್ರವೂ ಅರವತ್ತೇ, ಫಸ್ಟ್ ಕ್ಲಾಸೇ. ಆದರೆ ಪತ್ರಿಕೆಯಲ್ಲಿ ಮೂರು ನಕ್ಷತ್ರ ಕಂಡವರು ಯಾರೂ "ಫಸ್ಟ್ ಕ್ಲಾಸ್ ಸಿನಿಮಾ" ಎನ್ನುವುದಿಲ್ಲ, "ಪರವಾಗಿಲ್ಲ" ಎನ್ನುತ್ತಾರೆ.

ಇನ್ನು, ಕೇಳುವ ಪ್ರಶ್ನೆಯೇ ಬೇರೆಯಾದಾಗ ಆಗುವ ಗೊಂದಲ ಇದಕ್ಕಿಂತ ಹೆಚ್ಚಿನದು. 1998ರಲ್ಲಿ ಆರಂಭವಾದ ಅಮೆರಿಕದ ರಾಟನ್ ಟೊಮ್ಯಾಟೋಸ್ ತಾಣದ ಶೇಕಡಾವಾರು ಅಂಕಿಯನ್ನು ನಮ್ಮಲ್ಲಿ ಅನೇಕರು ಚಿತ್ರಕ್ಕೆ ಬಂದ ಅಂಕ ಎಂದೇ ತಿಳಿದಿದ್ದಾರೆ. ಅಲ್ಲಿ ಲೆಕ್ಕ ಹಾಕುವುದು ತಲೆಗಳನ್ನು: ಎಷ್ಟು ವಿಮರ್ಶಕರು ಒಟ್ಟಾರೆಯಾಗಿ ಮೆಚ್ಚಿದರು, ಎಷ್ಟು ಮಂದಿ ಮೆಚ್ಚಲಿಲ್ಲ ಎಂಬುದಷ್ಟನ್ನೇ. ಹತ್ತು ವಿಮರ್ಶಕರು ಒಂದು ಚಿತ್ರವನ್ನು ನೋಡಿ, ಹತ್ತೂ ಜನ ಹತ್ತಕ್ಕೆ ಆರು ಕೊಟ್ಟು "ಅಡ್ಡಿಯಿಲ್ಲ, ನೋಡಬಹುದು" ಎಂದರು ಎಂದುಕೊಳ್ಳಿ. ಹತ್ತೂ ತಲೆಗಳು ಮೆಚ್ಚುಗೆಯ ಕಡೆಗೇ ಬಿದ್ದಿರುವುದರಿಂದ ಆ ಚಿತ್ರದ ಅಂಕಿ ಶೇ 100. ಇನ್ನೊಂದು ಚಿತ್ರಕ್ಕೆ ಏಳು ಮಂದಿ ಒಂಬತ್ತು ಕೊಟ್ಟು ತಲೆಯ ಮೇಲೆ ಹೊತ್ತು ಮೆರೆಸಿದರು, ಉಳಿದ ಮೂವರು ನಾಲ್ಕು ಕೊಟ್ಟು ಮುಖ ತಿರುಗಿಸಿದರು. ಅದರ ಅಂಕಿ ಶೇ 70, ಸರಾಸರಿಯಾದರೋ ಏಳೂವರೆ. ಯಾರಿಗೂ ಬೇಸರ ತರಿಸದ ಮೊದಲ ಚಿತ್ರ ಪಟ್ಟಿಯ ಮೇಲಿರುತ್ತದೆ, ಏಳು ಜನರನ್ನು ರಾತ್ರಿಯೆಲ್ಲ ಕಾಡಿದ ಎರಡನೆಯದು ಕೆಳಗಿರುತ್ತದೆ. ತಾಣವು ತಪ್ಪು ಮಾಡಿತು ಎನ್ನಲಾಗದು, ಏಕೆಂದರೆ "ನನಗೂ ಇದು ಇಷ್ಟವಾಗುವ ಸಂಭವ ಎಷ್ಟು" ಎಂಬ ಪ್ರಶ್ನೆಗೆ ಅದು ಒಪ್ಪತಕ್ಕ ಉತ್ತರವನ್ನೇ ಕೊಡುತ್ತಿದೆ. "ಇದು ಎಷ್ಟು ಒಳ್ಳೆಯ ಚಿತ್ರ" ಎಂದು ಕೇಳಿದವರು ನಾವು. ಶೇ 60 ಮುಟ್ಟಿದರೆ ಕೆಂಪು ಟೊಮೇಟೊ, ಅದಕ್ಕಿಂತ ಕೆಳಗಾದರೆ ಹಸಿರು ಕಲೆ ಎಂಬ ಅದರ ಚಿಹ್ನೆಗಳು ಈ ತಲೆಯೆಣಿಕೆಯನ್ನು ಮತ್ತಷ್ಟು ಮರೆಮಾಚುತ್ತವೆ ಎಂಬುದು ನನ್ನ ಆಕ್ಷೇಪ.

ಐಎಂಡಿಬಿಯ ಲೆಕ್ಕ ಸರಾಸರಿಯದು, ಆದರೆ ಅದು ಸಾದಾ ಸರಾಸರಿಯಲ್ಲ, ಎಲ್ಲ ಮತಗಳಿಗೂ ಒಂದೇ ಬೆಲೆ ಕೊಡದ ತೂಕದ ಸರಾಸರಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಕನ್ನಡದಂಥ ಮಧ್ಯಮ ಗಾತ್ರದ ಚಿತ್ರೋದ್ಯಮಕ್ಕೆ ಇಡೀ ವಿಷಯದಲ್ಲಿ ಹೆಚ್ಚು ತಟ್ಟುವ ಭಾಗ ಇದೇ. ಚಿಕ್ಕ ಚಿತ್ರವೊಂದಕ್ಕೆ 200 ಮತಗಳು ಬಿದ್ದು ಸರಾಸರಿ 9.2 ಬಂದಿದೆ ಎಂದುಕೊಳ್ಳಿ. ಆ ಇನ್ನೂರರಲ್ಲಿ ಚಿತ್ರತಂಡದವರೆಷ್ಟು, ಅವರ ಬೀಗರೆಷ್ಟು, ಕಾಲೇಜಿನ ಗೆಳೆಯರೆಷ್ಟು ಎಂದು ಯಾರು ಹೇಳಬಲ್ಲರು? ಇನ್ನೊಂದು ಚಿತ್ರಕ್ಕೆ 40,000 ಮತ ಬಿದ್ದು ಸರಾಸರಿ 8.1 ಬಂದಿದೆ. ಸಾದಾ ಸರಾಸರಿಯಲ್ಲಿ ಮೊದಲನೆಯದೇ ಮೇಲು. ಈ ಅನ್ಯಾಯವನ್ನು ತಪ್ಪಿಸಲು ಸಂಖ್ಯಾಶಾಸ್ತ್ರಜ್ಞರು ಒಂದು ಉಪಾಯ ಮಾಡುತ್ತಾರೆ: ಪ್ರತಿಯೊಂದು ಚಿತ್ರಕ್ಕೂ ಮೊದಲೇ ಒಂದಿಷ್ಟು ಕಾಲ್ಪನಿಕ ಪ್ರೇಕ್ಷಕರನ್ನು ಕೂರಿಸಿ, ಅವರೆಲ್ಲರೂ ಎಲ್ಲ ಚಿತ್ರಗಳ ಒಟ್ಟು ಸರಾಸರಿಯನ್ನೇ ಅಂಕವಾಗಿ ಕೊಟ್ಟಿದ್ದಾರೆ ಎಂದು ಎಣಿಸುತ್ತಾರೆ. ಉದಾಹರಣೆಗಾಗಿ ಸಾವಿರ ಮಂದಿ ಕಾಲ್ಪನಿಕರು ತಲಾ 7 ಕೊಟ್ಟಿದ್ದಾರೆ ಎನ್ನೋಣ. ಮೊದಲ ಚಿತ್ರದಲ್ಲಿ ಇನ್ನೂರು ನಿಜವಾದ ಮತಗಳು ಆ ಸಾವಿರದ ನಡುವೆ ಮುಳುಗಿ ಅಂಕ 7.37ಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ನಲವತ್ತು ಸಾವಿರದ ಮುಂದೆ ಸಾವಿರ ಯಾವ ಲೆಕ್ಕ? ಅದು 8.07ರಲ್ಲೇ ನಿಲ್ಲುತ್ತದೆ. ಸಾಕಷ್ಟು ಮಂದಿ ನೋಡಿ ಸಾಕ್ಷಿ ಹೇಳುವವರೆಗೆ ಯಾವ ಚಿತ್ರವನ್ನಾದರೂ ಸಾಧಾರಣವೆಂದೇ ನಂಬು, ಸಾಕ್ಷಿ ಹೆಚ್ಚಿದಂತೆ ನಂಬಿಕೆಯನ್ನು ಬದಲಿಸು ಎನ್ನುವುದು ಇದರ ಹಿಂದಿನ ತರ್ಕ. ಬೇಸಿಯನ್ ಸರಾಸರಿ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ.

ಐಎಂಡಿಬಿ ತನ್ನ ಅಗ್ರ 250 ಚಿತ್ರಗಳ ಪಟ್ಟಿಗೆ ಇಂಥದ್ದೇ ಸೂತ್ರವನ್ನು ಪ್ರಕಟಿಸಿದೆ, ಮತ್ತು ಆ ಪಟ್ಟಿಗೆ ಸೇರಲು ಕನಿಷ್ಠ 25,000 ಮತಗಳು ಬೇಕು ಎಂದಿದೆ. ಅಲ್ಲಿ ನಿಯಮಿತವಾಗಿ ಮತ ಹಾಕುವವರ ಅಂಕಗಳನ್ನು ಮಾತ್ರ ಪರಿಗಣಿಸುತ್ತಾರೆ, ಆದರೆ "ನಿಯಮಿತ" ಎಂದರೆ ಎಷ್ಟು ಎನ್ನುವುದನ್ನು ಬೇಕೆಂದೇ ಹೇಳುವುದಿಲ್ಲ, ಹೇಳಿದರೆ ಮರುದಿನವೇ ಅದಕ್ಕೆ ತಕ್ಕ ಖಾತೆಗಳು ಹುಟ್ಟಿಕೊಳ್ಳುತ್ತವೆ. ಪ್ರತಿ ಚಿತ್ರದ ಪುಟದಲ್ಲಿ ಕಾಣುವ ಅಂಕಕ್ಕೆ ತೂಕ ಹೇಗೆ ಹಾಕುತ್ತಾರೆ ಎನ್ನುವುದೂ ಗುಟ್ಟೇ. ಈ ಕಾವಲಿಗೆ ಇನ್ನೊಂದು ಮುಖವೂ ಇದೆ. ನಿಜವಾಗಿಯೂ ಅಪರೂಪದ್ದಾದ, ಆದರೆ ಎರಡು ವಾರ ನಾಲ್ಕೇ ಪರದೆಗಳಲ್ಲಿ ಓಡಿ ಮರೆಯಾದ ಕನ್ನಡ ಚಿತ್ರವೊಂದು ಮತಗಳ ಆ ಎತ್ತರವನ್ನು ಎಂದೂ ಮುಟ್ಟದು. ಪಟ್ಟಿಯಲ್ಲಿ ಅದಿಲ್ಲ ಎಂಬುದರಿಂದ ಅದರ ಗುಣದ ಬಗ್ಗೆ ತಿಳಿಯುವುದು ಏನೂ ಇಲ್ಲ, ಅದು ಎಷ್ಟು ಜನರನ್ನು ತಲುಪಿತು ಎಂಬುದಷ್ಟೇ ತಿಳಿಯುತ್ತದೆ.

ಈಗ, ಕೇಳಿದ್ದು ಯಾರನ್ನು ಎನ್ನುವ ಪ್ರಶ್ನೆ. ಅಂತರ್ಜಾಲದ ಮತದಾನಕ್ಕೆ ಯಾರನ್ನೂ ಆರಿಸಿ ಕರೆಯುವುದಿಲ್ಲ. ಬಂದವರು ತಾವಾಗಿಯೇ ಬಂದವರು. ಮೊದಲ ದಿನದ ಮೊದಲ ಆಟಕ್ಕೆ ಹೋಗುವವರು ಚಿತ್ರವನ್ನು ಇಷ್ಟಪಡಲೆಂದೇ ಹೋಗಿರುತ್ತಾರೆ, ಮನೆಗೆ ಬಂದ ಕೂಡಲೇ ಮತ ಹಾಕುವವರೂ ಅವರೇ. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ 'ಕಾಂತಾರ' ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ಆರಂಭದ ವಾರಗಳಲ್ಲಿ ಐಎಂಡಿಬಿಯಲ್ಲಿ ಅದರ ಅಂಕ ಒಂಬತ್ತನ್ನು ಸಲೀಸಾಗಿ ದಾಟಿತ್ತು, ಭಾರತೀಯ ಚಿತ್ರಗಳ ಪಟ್ಟಿಯ ತುದಿಗೆ ಏರಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಬೇರೆ ಭಾಷೆಗಳಿಗೆ ಡಬ್ ಆಗಿ, ಓಟಿಟಿಗೆ ಬಂದು, ಭೂತಕೋಲದ ಹಿನ್ನೆಲೆ ಗೊತ್ತಿಲ್ಲದ ಮತ್ತು ಚಿತ್ರಮಂದಿರದ ಆ ಶಬ್ದವನ್ನು ಕೇಳಿರದ ಲಕ್ಷಾಂತರ ಜನ ತಮ್ಮ ಮನೆಯ ಸೋಫಾದ ಮೇಲೆ ನೋಡಿದ ಮೇಲೆ ಅದು ಎಂಟರ ಆಸುಪಾಸಿಗೆ ಇಳಿಯಿತು. ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ, ಬದಲಾದದ್ದು ಪ್ರೇಕ್ಷಕವರ್ಗ. ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ಈ ಇಳಿಜಾರನ್ನು ಕಾಣುತ್ತವೆ, ಹಾಗಾಗಿ ಮೊದಲ ಶನಿವಾರದ ಒಂಬತ್ತನ್ನು ಆರು ತಿಂಗಳ ನಂತರದ ಎಂಟರೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಬುಕ್‌ಮೈಶೋದಲ್ಲಿ ಅಂಕಗಳು ಸದಾ ಮೇಲ್ಮಟ್ಟದಲ್ಲೇ ತೇಲುವುದಕ್ಕೂ ಇದೇ ಕಾರಣವಿರಬೇಕು. ಆ ಮಾರುಕಟ್ಟೆಗೆ ಬರುವವರು ಟಿಕೆಟ್ ಕೊಳ್ಳುವವರು. ಪೋಸ್ಟರ್ ಕಂಡೇ ಬೇಡವೆಂದು ಪಕ್ಕಕ್ಕೆ ಸರಿದವರ ಅಭಿಪ್ರಾಯ ಅಲ್ಲಿ ದಾಖಲಾಗುವುದೇ ಇಲ್ಲ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಎಂಬ ಸಂಸ್ಥೆ 1970ರ ದಶಕದ ಕೊನೆಯಿಂದ ಬಿಡುಗಡೆಯ ಮೊದಲ ರಾತ್ರಿ ಚಿತ್ರಮಂದಿರಗಳ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಎ ಪ್ಲಸ್‌ನಿಂದ ಎಫ್‌ವರೆಗೆ ಶ್ರೇಣಿ ಕೇಳುತ್ತಾ ಬಂದಿದೆ. ತನ್ನ ಬಳಿ ಬರುವವರು ಆಸೆಯಿಂದ ದುಡ್ಡು ಕೊಟ್ಟು ಬಂದವರು ಎಂಬುದು ಅಲ್ಲಿಯ ಉದ್ಯಮಕ್ಕೆ ಚೆನ್ನಾಗಿ ಗೊತ್ತಿರುವುದರಿಂದ 'ಬಿ' ಶ್ರೇಣಿ ಬಂದರೆ ನಿರ್ಮಾಪಕರು ಸಂತೋಷಪಡುವುದಿಲ್ಲ, ತಲೆ ಕೆರೆದುಕೊಳ್ಳುತ್ತಾರೆ. ನಮ್ಮಲ್ಲಿ ಟಿಕೆಟ್ ಆ್ಯಪ್‌ನ ಎಂಟನ್ನು ಯಾರಾದರೂ ಹಾಗೆ ಓದುತ್ತಾರೆಯೇ? ಓದಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಎಂಟಕ್ಕಿಂತ ಕೆಳಗಿಳಿದ ಚಿತ್ರವನ್ನು ಅದರ ಅಭಿಮಾನಿಗಳೇ ಪೂರ್ತಿ ಒಪ್ಪಿಲ್ಲ ಎಂದುಕೊಳ್ಳುವುದು ಕ್ಷೇಮ.

ಅಭಿಮಾನವು ಪ್ರಾಮಾಣಿಕವಾಗಿದ್ದಾಗಿನ ಕಥೆ ಇದು. ಅದು ಯುದ್ಧವಾದಾಗ ಏನಾಗುತ್ತದೆ ಎನ್ನುವುದನ್ನು ಸರಾಸರಿಯೊಂದೇ ತಿಳಿಸಲಾರದು. ಒಬ್ಬ ನಟನ ಅಭಿಮಾನಿಗಳು ಹತ್ತು, ಎದುರಾಳಿ ನಟನ ಅಭಿಮಾನಿಗಳು ಒಂದು ಹಾಕುತ್ತಾ ಹೋದರೆ, ಎರಡೂ ಕಡೆ ಬಲ ಸಮವಾಗಿದ್ದಾಗ ಸರಾಸರಿ 5.5 ಬರುತ್ತದೆ. ಎಲ್ಲರೂ ಆಕಳಿಸುತ್ತಾ ಐದೋ ಆರೋ ಕೊಟ್ಟ ಚಿತ್ರಕ್ಕೂ ಅದೇ 5.5. ಆದ್ದರಿಂದ ಐಎಂಡಿಬಿಯಲ್ಲಿ ಅಂಕದ ಮೇಲೆ ಒತ್ತಿ ಒಳಹೊಕ್ಕು, ಯಾವ ಅಂಕಕ್ಕೆ ಎಷ್ಟು ಮತ ಬಿದ್ದಿವೆ ಎಂದು ತೋರಿಸುವ ಕಂಬಗಳ ನಕ್ಷೆಯನ್ನು ಒಮ್ಮೆ ನೋಡಬೇಕು. ಜನ ನಿಜವಾಗಿ ನೋಡಿ ಅಳೆದ ಚಿತ್ರದ ಕಂಬಗಳು ಒಂದೆಡೆ ಗುಡ್ಡದಂತೆ ಏರಿ ಎರಡೂ ಬದಿಗೆ ಇಳಿಯುತ್ತವೆ. ಜಗಳದ ಚಿತ್ರದ್ದು ಎರಡು ತುದಿಗಳಲ್ಲಿ ಎರಡು ಗೋಪುರಗಳು, ನಡುವೆ ಬಯಲು. 2022ರ ಮಾರ್ಚ್‌ನಲ್ಲಿ ರಾಜಕೀಯವಾಗಿ ಕಾವೇರಿದ ಹಿಂದಿ ಚಿತ್ರವೊಂದರ ಪುಟದಲ್ಲಿ ಅಸಹಜ ಮತದಾನ ಕಂಡುಬಂದಿದ್ದರಿಂದ ಬೇರೆ ತೂಕದ ಲೆಕ್ಕವನ್ನು ಅನ್ವಯಿಸಲಾಗಿದೆ ಎಂದು ಐಎಂಡಿಬಿ ಬಹಿರಂಗವಾಗಿಯೇ ಸೂಚನೆ ಹಾಕಿತು. ರಾಟನ್ ಟೊಮ್ಯಾಟೋಸ್ 2019ರಲ್ಲಿ, ಚಿತ್ರ ಬಿಡುಗಡೆಯಾಗುವ ಮೊದಲೇ ಜನ ಬೈಯಲು ಸಾಲುಗಟ್ಟುತ್ತಿದ್ದುದನ್ನು ಕಂಡು, ಬಿಡುಗಡೆಗೆ ಮುಂಚಿನ ಅನಿಸಿಕೆಗಳನ್ನು ನಿಲ್ಲಿಸಿತು ಮತ್ತು ಟಿಕೆಟ್ ಕೊಂಡಿದ್ದು ಖಚಿತವಾದವರ ಅಂಕಗಳನ್ನು ಪ್ರತ್ಯೇಕಿಸಿ ತೋರಿಸತೊಡಗಿತು.

ಭಾರತದಲ್ಲಿ ಈ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. 2023ರಲ್ಲಿ ಕೇರಳ ಹೈಕೋರ್ಟಿನ ಮುಂದೆ ದುರುದ್ದೇಶದ ವಿಮರ್ಶೆಗಳ ವಿರುದ್ಧ ಅರ್ಜಿ ಬಂದಾಗ ನೇಮಕವಾದ ಅಮಿಕಸ್ ಕ್ಯೂರಿಯವರು (ನ್ಯಾಯಾಲಯಕ್ಕೆ ನೆರವಾಗುವ ವಕೀಲರು), ಬಿಡುಗಡೆಯಾದ 48 ಗಂಟೆಗಳವರೆಗೆ ವ್ಲಾಗರ್‌ಗಳು ವಿಮರ್ಶೆ ಹಾಕದಿರಲಿ ಎಂದು ಮರುವರ್ಷ ಶಿಫಾರಸು ಮಾಡಿದರು. ಕನ್ನಡದ ಕೆಲವು ಚಿತ್ರಗಳನ್ನೂ ಒಳಗೊಂಡಂತೆ, ಟಿಕೆಟ್ ಆ್ಯಪ್‌ನಲ್ಲಿ "ನ್ಯಾಯಾಲಯದ ಆದೇಶದಂತೆ ರೇಟಿಂಗ್ ಸ್ಥಗಿತಗೊಳಿಸಲಾಗಿದೆ" ಎಂಬರ್ಥದ ಸಾಲನ್ನು ನೋಡಿದವರು ಇದ್ದಾರೆ. ನಿರ್ಮಾಪಕರ ಸಂಕಟ ನಿಜವಾದದ್ದೇ, ಮೊದಲ ಮೂರು ದಿನದ ಗಳಿಕೆಯ ಮೇಲೆ ನಿಂತಿರುವ ವ್ಯಾಪಾರದಲ್ಲಿ ಸುಳ್ಳು ಒಂದುಗಳ ಮಳೆ ಸುರಿದರೆ ಚೇತರಿಸಿಕೊಳ್ಳಲು ಸಮಯವಿರುವುದಿಲ್ಲ. ಆದರೆ ಸುಳ್ಳು ಹತ್ತುಗಳ ಮಳೆಯ ಬಗ್ಗೆ ಯಾವ ನಿರ್ಮಾಪಕರೂ ಅರ್ಜಿ ಹಾಕಿದ್ದನ್ನು ನಾನು ಕೇಳಿಲ್ಲ.

ಸಂಸ್ಥೆಗಳ ಲೆಕ್ಕ ಬಿಟ್ಟು ಒಬ್ಬ ವ್ಯಕ್ತಿಯ ಒಂದು ಅಂಕಕ್ಕೆ ಬಂದರೂ ವಿಷಯ ಸರಳವಾಗುವುದಿಲ್ಲ. ಎರಡೂವರೆ ಗಂಟೆಯ ಅನುಭವವನ್ನು ಮನಸ್ಸು ನಿಮಿಷ ನಿಮಿಷವಾಗಿ ಕೂಡಿ ಭಾಗಿಸಿ ಅಂಕ ಕೊಡುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ ಒಮ್ಮೆ 60 ಸೆಕೆಂಡು ಕೈಯನ್ನು ಕೊರೆಯುವ ತಣ್ಣೀರಿನಲ್ಲಿಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜೊತೆಗೆ ಇನ್ನೂ 30 ಸೆಕೆಂಡು, ನೀರಿನ ಉಷ್ಣತೆ ಒಂದು ಡಿಗ್ರಿಯಷ್ಟು ಏರುತ್ತಿರುವಾಗ, ಇಟ್ಟರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿದರು, ಏಕೆಂದರೆ ಅದರ ಕೊನೆ ಸ್ವಲ್ಪ ಹಿತವಾಗಿತ್ತು. ನೆನಪಿನಲ್ಲಿ ಉಳಿಯುವುದು ಅತ್ಯಂತ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ. ಎರಡು ಗಂಟೆ ಕುರ್ಚಿಯಲ್ಲಿ ಹೊರಳಾಡಿದ ಪ್ರೇಕ್ಷಕ ಕೊನೆಯ ಇಪ್ಪತ್ತು ನಿಮಿಷ ರೋಮಾಂಚನಗೊಂಡು ಹೊರಬಂದು "ಕ್ಲೈಮ್ಯಾಕ್ಸ್‌ಗೋಸ್ಕರ ನೋಡ್ಬೇಕು" ಎಂದು ಎಂಟು ಕೊಡುವುದು ಈ ಗುಣದಿಂದಲೇ. ನಮ್ಮ ಚಿತ್ರಗಳಿಗೆ ಮಧ್ಯಂತರವೆಂಬ ಇನ್ನೊಂದು ಕೊನೆಯೂ ಇರುವುದರಿಂದ, ಇಂಟರ್‌ವಲ್ ಬ್ಲಾಕ್‌ಗೆ ಒಂದು ದೊಡ್ಡ ಏಟನ್ನು ಕೂಡಿಸಿಡುವುದನ್ನು ಚಿತ್ರಕಥೆಗಾರರು ಯಾವ ಮನಶ್ಶಾಸ್ತ್ರಜ್ಞನಿಂದಲೂ ಕಲಿಯಬೇಕಾಗಿ ಬಂದಿಲ್ಲ. ಈ ಕಾರಣಕ್ಕೆ ನಾನು ಹೊರಬಂದ ಕೂಡಲೇ ಅಂಕ ಹಾಕುವುದನ್ನು ಬಿಟ್ಟಿದ್ದೇನೆ. ಮೂರು ದಿನ ಕಳೆದ ಮೇಲೆ ಹಾಕಿದ ನನ್ನ ಅಂಕ ಸಾಮಾನ್ಯವಾಗಿ ಒಂದು ಕಡಿಮೆ ಇರುತ್ತದೆ, ಅಪರೂಪಕ್ಕೆ ಎರಡು ಹೆಚ್ಚು.

ವ್ಯಕ್ತಿಯಿಂದ ವ್ಯಕ್ತಿಗೆ ಕೈಯ ಧಾರಾಳತನವೂ ಬೇರೆ. ನೆಟ್‌ಫ್ಲಿಕ್ಸ್ 2006ರಲ್ಲಿ, ಯಾವ ಗ್ರಾಹಕ ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ ಕೊಡುತ್ತಾನೆ ಎಂಬ ತನ್ನ ಊಹೆಯನ್ನು ಶೇ 10ರಷ್ಟು ಸುಧಾರಿಸಿಕೊಟ್ಟವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಸುಮಾರು 4.8 ಲಕ್ಷ ಜನ 17,770 ಚಿತ್ರಗಳಿಗೆ ಕೊಟ್ಟ ಹತ್ತು ಕೋಟಿ ರೇಟಿಂಗ್‌ಗಳನ್ನು ಸ್ಪರ್ಧಿಗಳ ಮುಂದೆ ಸುರಿಯಲಾಯಿತು, 2009ರಲ್ಲಿ ಒಂದು ತಂಡ ಬಹುಮಾನ ಗೆದ್ದಿತು. ಅವರ ಸಂಕೀರ್ಣ ಗಣಿತದ ತಳಹದಿಯಲ್ಲಿದ್ದದ್ದು ಮಾತ್ರ ಅಜ್ಜಿಗೂ ಗೊತ್ತಿರುವ ಸಂಗತಿ: ಕೆಲವರು ಎಲ್ಲದಕ್ಕೂ ಹೆಚ್ಚು ಕೊಡುತ್ತಾರೆ, ಕೆಲವರು ಎಲ್ಲದಕ್ಕೂ ಕಡಿಮೆ ಕೊಡುತ್ತಾರೆ, ಮೊದಲು ಆ ಪಾಲನ್ನು ಕಳೆಯಬೇಕು. ಮುಂದೆ 2017ರಲ್ಲಿ ಕಂಪನಿಯು ನಕ್ಷತ್ರಗಳನ್ನೇ ಕೈಬಿಟ್ಟು, ಇಷ್ಟವಾದರೆ ಮೇಲೆ ಇಲ್ಲವಾದರೆ ಕೆಳಗೆ ತೋರುವ ಹೆಬ್ಬೆರಳಿಗೆ ಬಂತು. ಜನ ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ ಕೊಟ್ಟು, ಮೂರು ನಕ್ಷತ್ರ ಕೊಟ್ಟ ಹಾಸ್ಯಚಿತ್ರವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು ಎನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಒಂದು.

ಈ ಪಾಠವನ್ನು ನಾನು ನಮ್ಮ ಗುಂಪಿನ ಮೇಲೆ ಪ್ರಯೋಗಿಸಿದೆ. ಒಂದು ಭಾನುವಾರ ಹಳೆಯ ಸಂದೇಶಗಳನ್ನೆಲ್ಲ ತಿರುವಿಹಾಕಿ ಲೆಕ್ಕ ತೆಗೆದಾಗ ಚಿಕ್ಕಮ್ಮ ಒಟ್ಟು 31 ಚಿತ್ರಗಳಿಗೆ ಅಂಕ ಕೊಟ್ಟಿದ್ದರು: 22ಕ್ಕೆ ಒಂಬತ್ತು, ಆರಕ್ಕೆ ಎಂಟು, ಮೂರಕ್ಕೆ ಪೂರ್ತಿ ಹತ್ತು. ಅವರ ಸರಾಸರಿ 8.9. ಹಾಗಾದರೆ ಅವರ ಒಂಬತ್ತು ಎಂದರೆ ಸರಾಸರಿಗಿಂತ ಕೇವಲ 0.1 ಹೆಚ್ಚು, ಅಂದರೆ "ಹೋದೆ, ನೋಡಿದೆ, ಬಂದೆ" ಎಂದಷ್ಟೇ ಅರ್ಥ. ಅಣ್ಣನ ಮಗನ ಸರಾಸರಿ 2.8 ನಕ್ಷತ್ರ, ಅವನ ಎರಡೂವರೆ ಎಂದರೆ ತುಸು ನಿರಾಸೆ, ಬೈಗುಳವಲ್ಲ. ಗುಂಪಿನಲ್ಲಿ ಒಂದು ಹೊಗಳಿಕೆ, ಇನ್ನೊಂದು ನಿಂದೆ ಎಂದು ಕಂಡದ್ದು ಹೀಗೆ ಅಳೆದು ನೋಡಿದಾಗ ಒಂದೇ ಮಾತಿನ ಎರಡು ರೂಪಗಳಾಗಿದ್ದವು. ಅಷ್ಟೇ ಅಲ್ಲ, ಅಂಕವೇ ಕೊಡದ ಮಾವನ "ಒಂದ್ಸಲ ನೋಡ್ಬೋದು" ಎಂಬುದು ಇಬ್ಬರಿಗಿಂತ ನಿಖರವಾಗಿತ್ತು.

ಮಾವನ ಮಾತಿನ ಕೋಶವನ್ನು ಬಲ್ಲವರಿಗೆ ಅದು ಅಂಕಕ್ಕಿಂತ ಹೆಚ್ಚು ಹೇಳುತ್ತದೆ. "ಫ್ಯಾಮಿಲಿ ಜೊತೆ ನೋಡ್ಬೋದು" ಎಂದರೆ ಮುಜುಗರದ ದೃಶ್ಯಗಳಿಲ್ಲ, ಹೊಸತೂ ಏನಿಲ್ಲ. "ಫೋಟೋಗ್ರಫಿ ಚೆನ್ನಾಗಿದೆ" ಎಂದು ಮೊದಲ ವಾಕ್ಯದಲ್ಲೇ ಬಂದರೆ ಕಥೆಯ ಬಗ್ಗೆ ಹೇಳಲು ಏನೂ ಇಲ್ಲ. "ಓಟಿಟಿಗೆ ಬರ್ಲಿ ಬಿಡು" ಎನ್ನುವುದು ಚಿತ್ರದ ಕುರಿತಲ್ಲ, ಟಿಕೆಟ್ಟು, ಪಾರ್ಕಿಂಗು, ಪಾಪ್‌ಕಾರ್ನ್ ಸೇರಿದ ಖರ್ಚಿನ ಕುರಿತು. ನಾಲ್ಕು ಜನರ ಮನೆಗೆ ಇದು ಬಹಳ ಗಂಭೀರವಾದ ವಿಮರ್ಶಾ ಮಾನದಂಡ. "ತಲೆ ಮನೇಲಿಟ್ಟು ಹೋಗ್ಬೇಕು" ಎಂಬುದರಲ್ಲಿ ತಕರಾರೂ ಇದೆ, ಶಿಫಾರಸೂ ಇದೆ. ಈ ಮಾತುಗಳಲ್ಲಿ ಚಿತ್ರವನ್ನು ಯಾರು, ಯಾರ ಜೊತೆ, ಯಾವ ನಿರೀಕ್ಷೆಯಿಂದ ನೋಡಿದರು ಎಂಬುದು ಅಂಟಿಕೊಂಡೇ ಬರುತ್ತದೆ. ಅಂಕವಾಗಿ ಇಳಿಸಿದ ಕ್ಷಣ ಮೊದಲು ಕಳಚಿ ಬೀಳುವುದು ಅದೇ.

ಕಳೆದ ತಿಂಗಳು ಒಂದು ದೊಡ್ಡ ಚಿತ್ರ ಬಂತು. ಆ್ಯಪ್‌ನಲ್ಲಿ 8.8 ಇತ್ತು, ಎರಡು ಪತ್ರಿಕೆಗಳು ಮೂರೂವರೆ ಕೊಟ್ಟಿದ್ದವು, ಅಣ್ಣನ ಮಗನೂ ಮೂರು ಎಂದಿದ್ದ. ಶನಿವಾರ ರಾತ್ರಿ ಹನ್ನೊಂದಕ್ಕೆ ಚಿಕ್ಕಮ್ಮನ ಸಂದೇಶ ಬಂತು: "ಚೆನ್ನಾಗಿದೆ, 7/10." ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಭಾನುವಾರಕ್ಕೆಂದು ಆರಿಸಿಟ್ಟಿದ್ದ ನಾಲ್ಕು ಸೀಟುಗಳನ್ನು ನಾನು ಹಣ ಕಟ್ಟದೆ ಬಿಟ್ಟುಬಿಟ್ಟೆ. ಮಾವ ಮಾತ್ರ ಹೋಗಿ ಬಂದು, ಸಂಜೆ ಒಂದೇ ಸಾಲು ಹಾಕಿದರು: "ಎಸಿ ಚೆನ್ನಾಗಿತ್ತು."